ಉತ್ತರ ಕೊಡುವವನು

ಸೆಪ್ಟೆಂಬರ್ ೪, ಗುರುವಾರ

ನ್ಯಾಯಾಲಯದ ಹಾಲ್‌ನ ಧ್ವನಿ ಸರಿಪಡಿಸುವ ಕೆಲಸ ಇಂದಿಗೆ ಮುಗಿಯಿತು. ಹಿಂದಿನ ಗೋಡೆಗೆ ಬಟ್ಟೆ ಹೊದಿಸಿದ ಹಲಗೆಗಳು, ಸ್ಪೀಕರುಗಳ ಕೋನದಲ್ಲಿ ಸಣ್ಣ ತಿದ್ದುಪಡಿ. ಈಗ ಕೊನೆಯ ಬೆಂಚಿನಲ್ಲೂ ಮಾತು ಬಿಡಿಬಿಡಿಯಾಗಿ ಕೇಳುತ್ತದೆ. ಗುಮಾಸ್ತರಿಗೆ ಮಾತ್ರ ಸಮಾಧಾನವಿಲ್ಲ. “ಇನ್ಮೇಲೆ ಹಿಂದೆ ಕೂತು ತೂಕಡಿಸೋಕೂ ಆಗಲ್ಲ ಬಿಡಿ ಸಾರ್” ಎಂದರು.

ಸಂಜೆ ಅಣ್ಣನ ಫೋನ್. “ಭಾನುವಾರ ಬಾರೋ. ಬರುವಾಗ ನಿನ್ನ ಪೆಟ್ಟಿಗೆ ತಗೊಂಡು ಬಾ.” ಅಷ್ಟೇ.

ವಿಚಿತ್ರ. ಅಣ್ಣ ಪಾದ್ರಿಯಾಗಿ ಇಷ್ಟು ವರ್ಷವಾಯಿತು, ನನ್ನ ಮೈಕು, ಸ್ಪೀಕರುಗಳನ್ನು ತನ್ನ ಚರ್ಚಿನ ಹೊಸ್ತಿಲು ದಾಟಿಸಿದವನಲ್ಲ. ರೈಲ್ವೆ ಯಾರ್ಡಿನ ಹಿಂದಿನ ಆ ಸಣ್ಣ ಚರ್ಚಿನಲ್ಲಿ ಅವನದು ಹಳೆಯ ಕ್ರಮದ ಪೂಜೆ — ಲ್ಯಾಟಿನ್‌ನಲ್ಲಿ, ಜನರ ಜೊತೆ ತಾನೂ ಪೀಠದ ಕಡೆಗೇ ಮುಖಮಾಡಿ. ಬೇರೆಲ್ಲ ಕಡೆ ಜನರ ಭಾಷೆಗೆ ಬಂದು ಕಾಲವಾಯಿತು. “ದೇವರೇನು ಕಿವುಡನೇನೋ?” ಎಂದು ನನ್ನನ್ನು ಅಟ್ಟುತ್ತಿದ್ದವನು ಇಂದು ತಾನಾಗಿ ಕೇಳಿದ.

ಧ್ವನಿಯಲ್ಲಿ ಗಾಳಿ ಸೋರುತ್ತಿತ್ತು. ಶೀತದ ಒರಟಲ್ಲ ಅದು. ಹೆಂಡತಿಗೆ ಹೇಳಲಿಲ್ಲ.

ಸೆಪ್ಟೆಂಬರ್ ೭, ಭಾನುವಾರ, ಮಧ್ಯಾಹ್ನ

ಆದದ್ದನ್ನು ಆದ ಕ್ರಮದಲ್ಲೇ ಬರೆಯಬೇಕು. ಇಲ್ಲವಾದರೆ ನಾಳೆ ನನಗೇ ನಂಬಿಕೆ ಬಾರದು.

ಬೆಳಿಗ್ಗೆ ಬೇಗ ಹೋದೆ. ಬಾಗಿಲು ತೆರೆದವಳು ಬೀಗದಕ್ಕ — ಚರ್ಚಿನ ಕೀಲಿಗೊಂಚಲನ್ನು ಸೊಂಟದಿಂದ ಇಳಿಸದ ಹೆಂಗಸು, ಆ ಹೆಸರು ಬಿಟ್ಟು ಬೇರೆ ಹೆಸರಿನಿಂದ ಯಾರೂ ಕರೆದದ್ದು ಕೇಳಿಲ್ಲ. ನನ್ನ ತಂತಿಗಳನ್ನು ಹಾವು ನೋಡಿದಂತೆ ನೋಡಿದಳು. ಪೀಠದ ಮೇಲೆ, ಪ್ರಾರ್ಥನೆಯ ಫಲಕದ ಹಿಂದೆ, ಗುಂಡಿಯಷ್ಟು ಮೈಕ್ ಇಟ್ಟೆ. ನಾನು ಹಿಂದೆ, ಬಾಗಿಲ ಪಕ್ಕ, ಧ್ವನಿ ಹೊಂದಿಸುವ ಮಿಕ್ಸರ್ ಎದುರು. ರೆಕಾರ್ಡರ್ ಹಾಕಿದ್ದೆ, ಅದು ಅಭ್ಯಾಸ.

ಮದುವೆ, ಸಾವು ಬಿಟ್ಟರೆ ಚರ್ಚಿಗೆ ಹೋಗುವವನಲ್ಲ ನಾನು. ಹಳೆಯ ಕ್ರಮವನ್ನು ಆದಿಯಿಂದ ಅಂತ್ಯದವರೆಗೆ ನೋಡಿದ್ದೂ ಇಲ್ಲ. ಎಡವಟ್ಟಿಗೆ ಅದೇ ಮೂಲ.

ಮೊದಮೊದಲು ಎಲ್ಲ ಸರಿಯಾಗಿತ್ತು. ಅಣ್ಣನ ಧ್ವನಿ ಬಿರುಕುಬಿಟ್ಟಿದ್ದರೂ ಕೊನೆಯ ಸಾಲಿಗೆ ತಲುಪಿತು. ನಡುವಿನಲ್ಲಿ ಒಮ್ಮೆ ಸಣ್ಣ ಗಂಟೆ ಮೊಳಗಿತು, ಎಲ್ಲರೂ ಮಂಡಿಯೂರಿದರು, ಅಣ್ಣ ಪೀಠದ ಮೇಲೆ ಬಾಗಿದ. ಮೀಟರಿನ ಮುಳ್ಳು ಮಲಗಿತು.

ಧ್ವನಿ ಹೋಯಿತು ಎಂದುಕೊಂಡೆ. ಆದರೆ ಭುಜ ಅಲುಗುತ್ತಿದೆ, ಮಾತಾಡುತ್ತಿದ್ದಾನೆ. ಮೈಕಿಗೆ ಸಿಕ್ಕ ಸದ್ದನ್ನು ಹಿಗ್ಗಿಸುವ ಗೇನ್ ಏರಿಸಿದೆ. ಇನ್ನೂ ಏರಿಸಿದೆ. ಕೊನೆಯವರೆಗೂ ಏರಿಸಿಬಿಟ್ಟೆ.

ಮೊದಲು ಉಸಿರು ಬಂತು. ಆಮೇಲೆ ತುಟಿ ಬಿಡಿಸುವ ಸದ್ದು. ಆಮೇಲೆ ಪಿಸುಮಾತು — ಸ್ವರವಿಲ್ಲದ, ಅಂಚು ಮಾತ್ರ ಇರುವ ಪದಗಳು, ನಾಲ್ಕೂ ಗೋಡೆಯಿಂದ ಏಕಕಾಲಕ್ಕೆ. ಪ್ರತಿಯೊಬ್ಬನ ಕಿವಿಗೂ ಬಾಯಿಟ್ಟು ಹೇಳಿದಂತೆ. ತಲೆಗಳು ಎದ್ದವು. ಒಬ್ಬ ಮುದುಕ ಅರ್ಧ ಎದ್ದು ಅಲ್ಲೇ ನಿಂತ. ಬೀಗದಕ್ಕ ಓಡಿ ಬಂದಳು, ಗೊಂಚಲನ್ನು ಸದ್ದಾಗದಂತೆ ಮುಷ್ಟಿಯಲ್ಲಿ ಹಿಡಿದು. “ಆರ್ಸಿ! ಮೊದಲು ಆರ್ಸಿ ಅದನ್ನ!”

ಆರಿಸಿದೆ.

ಅನಂತರ ಬಂದದ್ದನ್ನು ಬರೆಯಲು ಕಷ್ಟ. ಮೌನ ಅಳೆಯುವುದು ನನ್ನ ಕಸುಬು. ಸ್ಟುಡಿಯೋಗಳಲ್ಲಿ, ರಾತ್ರಿಪಾಳಿ ಮುಗಿದ ಕಾರ್ಖಾನೆಗಳಲ್ಲಿ ಅಳೆದಿದ್ದೇನೆ. ಅವೆಲ್ಲ ಖಾಲಿ ಕೋಣೆಯ ಮೌನ. ಇದು ಜನ ತುಂಬಿದ ಕೋಣೆಯದು. ಯಾರೂ ಅದನ್ನು ಸಹಿಸುತ್ತಿರಲಿಲ್ಲ, ಎಲ್ಲರೂ ಸೇರಿ ಹಿಡಿದಿದ್ದರು — ತುಂಬಿದ ಕೊಡವನ್ನು ತುಳುಕದಂತೆ ಹಿಡಿದ ಹಾಗೆ. ಯಾರ್ಡಿನಲ್ಲಿ ಎರಡು ಬೋಗಿಗಳು ಡಿಕ್ಕಿಯಾದ ಸದ್ದು ಬಂತು. ಮೌನ ಒಡೆಯಲಿಲ್ಲ. ಆ ಸದ್ದನ್ನೂ ಒಳಗೆ ಕರೆದುಕೊಂಡಿತು. ಮತ್ತೆ ಗಂಟೆ. ಅಣ್ಣನ ಎರಡು ಕೈ ಮೇಲಕ್ಕೆ, ನಡುವೆ ಬೆಳ್ಳಗಿನ ದುಂಡು ರೊಟ್ಟಿ. ಮೈ ನವಿರೆದ್ದಿತು. ಕಾರಣ ಗೊತ್ತಿಲ್ಲ ಎಂದು ಪ್ರಾಮಾಣಿಕವಾಗಿ ದಾಖಲಿಸುತ್ತೇನೆ.

ಪೂಜೆ ಮುಗಿದ ಮೇಲೆ ಪಾದ್ರಿ ಉಡುಪು ಬದಲಿಸುವ ಕೋಣೆಗೆ ಹೋದೆ, ತಪ್ಪು ಮಾಡಿದ ವಿದ್ಯಾರ್ಥಿಯಂತೆ. ಅಣ್ಣ ನಗುತ್ತಿದ್ದ. ನಕ್ಕು ಕೆಮ್ಮಿದ, ಕೆಮ್ಮಿ ನಕ್ಕ.

“ಇಷ್ಟು ವರ್ಷ ಗುಟ್ಟಾಗಿಟ್ಟಿದ್ದನ್ನ ಒಂದೇ ಗಳಿಗೇಲಿ ಬೀದಿಗೆ ಹಾಕಿದ್ಯಲ್ಲೋ, ಇಂಜಿನಿಯರ್!”

“ಮೈಕ್ ಕೆಟ್ಟಿದೆ ಅಂದ್ಕೊಂಡೆ. ಅಲ್ಲಿ ಮೆಲ್ಲಗೆ ಹೇಳೋದು ಕ್ರಮ ಅಂತ ನೀನಾದರೂ ಹೇಳಬಾರದಾ?”

“ನಿನಗೆ ಗೊತ್ತಿರುತ್ತೆ ಅಂದ್ಕೊಂಡೆ ಕಣೋ.” ಮೇಲುಡುಪನ್ನು ಮಡಿಸುತ್ತ ಹೇಳಿದ. “ಅದು ಜನರಿಗೆ ಹೇಳೋ ಮಾತಲ್ಲ. ಜನರ ಪರವಾಗಿ ಹೇಳೋದು. ಮನೆಗೆ ದೊಡ್ಡವರು ಬಂದಾಗ ಒಬ್ಬ ಬಾಗಿಲಿಗೆ ಹೋಗಿ ಮೆಲ್ಲಗೆ ಮಾತಾಡ್ತಾನಲ್ಲ, ಉಳಿದವರೆಲ್ಲ ಹಿಂದೆ ನಿಂತಿರ್ತಾರೆ — ಹಾಗೆ. ಹಿಂದಿದ್ದವರಿಗೆ ಕೇಳಿಸಲ್ಲ. ಮಾತು ನಡೀತಿದೆ ಅಂತ ಗೊತ್ತಿರುತ್ತೆ, ಸಾಕು.”

ಆಮೇಲೆ, ಅಷ್ಟೇ ಸಲೀಸಾಗಿ: “ಗಂಟಲಲ್ಲಿ ಗಡ್ಡೆ ಇದೆಯಂತೆ. ಜೋರಾಗಿ ಓದೋ ಭಾಗಕ್ಕೆ ನಿನ್ನ ಪೆಟ್ಟಿಗೆ ಸಹಾಯ ಆಗುತ್ತೇನೋ ಅಂತ ಕರೆದೆ.”

ಗಡ್ಡೆಯ ಮಾತು ಬಿಟ್ಟು, ಎಲ್ಲವೂ ರೆಕಾರ್ಡ್ ಆಗಿದೆ ಎಂದೆ. ಪಿಸುಮಾತೂ. ಅಣ್ಣ ಮಡಿಸಿದ ಮೇಲುಡುಪನ್ನು ಕಪಾಟಿನಲ್ಲಿಟ್ಟ.

“ನಿನ್ನ ಯಂತ್ರ. ಇಡೋದೋ ಅಳಿಸೋದೋ ನಿನ್ನ ಕೈಲಿದೆ” ಎಂದ.

ಸೆಪ್ಟೆಂಬರ್ ೧೧, ಗುರುವಾರ

ಗಂಟಲಿನ ಡಾಕ್ಟರ್. ವಯಸ್ಸಿನಲ್ಲಿ ಚಿಕ್ಕವಳು, ಸುತ್ತಿಬಳಸಿ ಮಾತಾಡದವಳು. ನನಗೆ ಹಿಡಿಸಿದಳು. ಧ್ವನಿಪೆಟ್ಟಿಗೆ ಪೂರ್ತಿ ತೆಗೆಯಬೇಕು. ಬೇರೆ ದಾರಿಯ ಕಾಲ ಮೀರಿದೆ.

ಅಣ್ಣ ಕೇಳಿದ್ದು ಒಂದೇ ಪ್ರಶ್ನೆ. “ಪಿಸುಮಾತು ಉಳಿಯುತ್ತಾ ಅಮ್ಮ?”

“ಇಲ್ಲ ಫಾದರ್. ಉಸಿರು ಬಾಯಿವರೆಗೆ ಬರೋದೇ ಇಲ್ಲ. ಕುತ್ತಿಗೇಲೇ ಆಚೆ ಹೋಗುತ್ತೆ. ಆಮೇಲೆ ಯಂತ್ರ ಸಿಗುತ್ತೆ, ಕುತ್ತಿಗೆಗೆ ಒತ್ತಿ ಹಿಡಿದ್ರೆ ಮಾತು ಬರುತ್ತೆ.”

“ಒಂದು ಕೈಲಿ ಹಿಡಿದಿರಬೇಕಾ?”

“ಹೌದು.”

“ನನ್ನ ಕೆಲಸಕ್ಕೆ ಎರಡೂ ಕೈ ಬೇಕಲ್ಲಮ್ಮ.”

ತಕ್ಷಣ ದಾಖಲಾಗಿ ಎಂದಳು. ಅಕ್ಟೋಬರಿನ ಮೊದಲ ಭಾನುವಾರ ಚರ್ಚಿನ ಹಬ್ಬ, ಅದು ಕಳೆಯಲಿ ಎಂದ. ವಾದ ನಡೆಯಿತು. ಡಾಕ್ಟರ್ ನನ್ನ ಕಡೆ ನೋಡಿದಳು, ನಾನು ಗೋಡೆಯ ಕಡೆ ನೋಡಿದೆ. ಅಕ್ಟೋಬರ್ ೬, ಸೋಮವಾರ ಎಂದು ನಿಗದಿಯಾಯಿತು; ಅದಕ್ಕಿಂತ ಒಂದು ದಿನವೂ ಆಚೆಗಿಲ್ಲ.

ಬಸ್ಸಿಗೆ ಕಾಯುತ್ತ ಅಣ್ಣ ವಿವರಿಸಿದ. ಕಟ್ಟಡದ ನಕ್ಷೆ ವಿವರಿಸಿದಷ್ಟು ಸ್ಪಷ್ಟವಾಗಿ. ರೊಟ್ಟಿಯನ್ನೂ ಬಟ್ಟಲಿನ ದ್ರಾಕ್ಷಾರಸವನ್ನೂ ಕ್ರಿಸ್ತನ ದೇಹ, ರಕ್ತವಾಗಿಸುವ ಮಾತುಗಳಿವೆ, ಅವುಗಳ ಮೇಲೆ ಬಗ್ಗಿ ಹೇಳುವಂಥವು. ಅವು ಬಾಯಲ್ಲಿ ರೂಪ ಪಡೆಯಬೇಕು, ಉಸಿರಿನಿಂದ. ಎಷ್ಟು ಮೆಲ್ಲಗಾದರೂ ಸರಿ. ಮನಸ್ಸಿನಲ್ಲೇ ಹೇಳಿಕೊಂಡರೆ ಆಗುವುದಿಲ್ಲ. ನಡುವೆ ಉಸಿರು ಕೈಕೊಟ್ಟರೆ ಅಲ್ಲಿಗೆ ನಿಂತಿತು, ಅದು ಪೂಜೆಯಲ್ಲ.

“ನಿಂತರೆ ಏನು ಮಾಡ್ತೀಯ?”

“ತಿರುಗಿ ಜನರಿಗೆ ಕೈಮುಗೀತೀನಿ. ನಟನೆ ಮಾಡೋಕಾಗಲ್ವಲ್ಲ.”

ಬಿಷಪ್ ಈ ಕ್ರಮಕ್ಕೆ ಅನುಮತಿ ಕೊಟ್ಟಿರುವುದು ಅಣ್ಣ ನಡೆಸುವವರೆಗೆ ಮಾತ್ರ. ಇದನ್ನು ಕಲಿತ ಇನ್ನೊಬ್ಬ ಪಾದ್ರಿ ಇಲ್ಲಿಲ್ಲ. ಅಂದರೆ ಅವನ ಗಂಟಲಿನ ಜೊತೆ ಆ ಚರ್ಚಿನ ಪೂಜೆಯೂ ಮುಗಿಯುತ್ತದೆ. ಕೊನೆಯದೊಂದನ್ನು ಪೂರ್ತಿ ಮಾಡಬೇಕು — ಅವನಿಗೆ ಬೇಕಾದದ್ದು ಇಷ್ಟೇ.

“ಮೈಕ್ ಬೇಡ ಹಾಗಾದರೆ. ನನ್ನಿಂದ ಏನಾಗಬೇಕು?”

“ಉತ್ತರ ಕೊಡೋರು ಬೇಕು ಕಣೋ. ಪಾದ್ರಿ ಒಂದು ಹೇಳಿದ್ರೆ ಪೀಠದ ಮೆಟ್ಟಿಲಲ್ಲಿ ಮಂಡಿಯೂರಿ ಇನ್ನೊಬ್ಬ ಉತ್ತರ ಹೇಳ್ಬೇಕು. ಒಬ್ಬನೇ ಮಾಡೋ ಪೂಜೆ ಅಲ್ಲ ಇದು. ದರ್ಜಿ ಮಾಮ ಮಾಡ್ತಿದ್ರು, ಅವರ ಮಂಡಿ ಹೋಯ್ತು. ಬೀಗದಕ್ಕ ಬೆಂಚಿನಿಂದ ಹೇಳ್ತಾಳೆ. ಆದ್ರೆ ಹತ್ತಿರ ಒಬ್ಬ ಇದ್ರೆ... ಉತ್ತರ ಬರೋ ಹೊತ್ತಿಗೆ ನನಗೆ ಉಸಿರು ತಿರುಗುತ್ತೆ.”

ಬಸ್ಸು ಬಂತು. ಆಗಲಿ ಎಂದೆ.

ಸೆಪ್ಟೆಂಬರ್ ೧೨

ಹೆಂಡತಿಗೆ ಎಲ್ಲ ಹೇಳಿದೆ. ಗಡ್ಡೆಯ ಮಾತಿಗೆ ಸೆರಗು ಕಣ್ಣಿಗೆ ಹೋಯಿತು. ನನ್ನ ಹೊಸ ಉದ್ಯೋಗದ ಮಾತಿಗೆ ಅದೇ ಸೆರಗು ಬಾಯಿಗೆ ಬಂತು.

“ನೀವಾ? ಮಂಡಿಯೂರೋದಾ? ಮೊನ್ನೆ ಮಂಚದ ಕೆಳಗಿನ ಚಪ್ಪಲಿ ತೆಗೆಯೋಕೆ ನನ್ನ ಕರೆದ್ರಿ!”

“ಚಪ್ಪಲಿ ಬೇರೆ, ಇದು ಬೇರೆ.”

“ಮಂಡಿ ಒಂದೇ ಅಲ್ವೇನ್ರೀ?”

ಸಂಜೆ ನೋಡಿದರೆ ನನ್ನ ಕರಿ ಪ್ಯಾಂಟಿನ ಒಳಗೆ ಮಂಡಿಯ ಜಾಗದಲ್ಲಿ ದಪ್ಪ ಹತ್ತಿಬಟ್ಟೆ ಹೊಲಿದಿಟ್ಟಿದ್ದಾಳೆ. “ಭಾವನ ಮರ್ಯಾದೆ ಪ್ರಶ್ನೆ” ಎಂದಳು.

ವರ್ಕ್‌ಶಾಪಿನಲ್ಲಿ ರೆಕಾರ್ಡಿಂಗ್ ತೆರೆದೆ. ಪಿಸುಮಾತಿನ ಭಾಗವನ್ನು ಪರದೆಯ ಮೇಲೆ ಅಲೆಯಾಗಿ ನೋಡಿದೆ, ಕೇಳಲಿಲ್ಲ. ಅಣ್ಣನ ಧ್ವನಿ ಇನ್ನೆಲ್ಲೂ ಇಷ್ಟು ಹತ್ತಿರದಿಂದ ನನ್ನ ಬಳಿ ಇಲ್ಲ. ಮುಂದೆ ಸಿಗುವುದೂ ಇಲ್ಲ. ಬಾಗಿಲಲ್ಲಿ ನಿಂತವನ ಮಾತು. ನಾನು ಹಿಂದೆ ನಿಂತವನು. ಅಳಿಸಿದೆ.

ಉಳಿದದ್ದು ಜೋರಾಗಿ ಹೇಳುವ ಭಾಗ. ಅಣ್ಣ “ದೋಮಿನುಸ್ ವೋಬಿಸ್ಕುಂ” ಎನ್ನುತ್ತಾನೆ — ದೇವರು ನಿಮ್ಮೊಡನಿರಲಿ. ಆಮೇಲೊಂದು ಬಿಡುವು, ಜನರ ಉತ್ತರ ದೂರದ್ದು, ಮೈಕಿಗೆ ಸಿಕ್ಕಿಲ್ಲ. ಆ ಬಿಡುವಿನಲ್ಲಿ ನಾನು ಹೇಳಿದೆ: “ಎತ್ ಕುಂ ಸ್ಪಿರಿತು ತುಓ.” ನಿನ್ನ ಆತ್ಮದೊಡನೆಯೂ. ಸರಿಯಾಗಿ ಕೂತಿತು. ಅಳತೆ ತೆಗೆದು ಬಿಟ್ಟ ಜಾಗದಂತೆ.

ಸೆಪ್ಟೆಂಬರ್ ೧೬, ಮಂಗಳವಾರ

ದಿನವೂ ಕೆಲಸ ಬಿಟ್ಟ ಮೇಲೆ ಅಭ್ಯಾಸ. ಅಣ್ಣ ಪೀಠದ ಕೆಳಗೆ ನಿಂತು ಗಂಟಲನ್ನು ಉಳಿಸಿಕೊಂಡು ಗೊಣಗುತ್ತಾನೆ. ಬೀಗದಕ್ಕ ಮೊದಲ ಬೆಂಚಿನಲ್ಲಿ ಪರೀಕ್ಷಕಿ.

“ಇಂಜಿನಿಯರಪ್ಪ, ದೇವರ ಮುಂದೆ ಟೆಂಡರ್ ಓದಿದ ಹಾಗೆ ಓದಬೇಡಿ.”

“ಉಚ್ಚಾರಣೆ ತಪ್ಪಾಯ್ತಾ?”

“ಉಚ್ಚಾರಣೆ ಸರಿಯಾಗಿದೆ. ಅದೇ ತೊಂದರೆ. ಯಾರಿಗೋ ಹೇಳ್ತಿದೀನಿ ಅನ್ನೋ ಹಾಗೇ ಇಲ್ಲ.”

ಮೊಟ್ಟಮೊದಲ ಉತ್ತರದ ಅರ್ಥ ಕೇಳಿದೆ. ಪೀಠದ ಬಳಿಗೆ ಹೋಗುವೆನು ಎಂದು ಪಾದ್ರಿ ಹೇಳಿದಾಗ, ಉತ್ತರ ಕೊಡುವವನು — ನನ್ನ ಯೌವನವನ್ನು ನಲಿಸುವ ದೇವರ ಬಳಿಗೆ ಎನ್ನಬೇಕು.

“ಯಾರ ಯೌವನ?” ಎಂದೆ. “ನಿನ್ನದೋ ನನ್ನದೋ?”

ಅಣ್ಣ ನನ್ನ ತಲೆ ನೋಡಿದ, ತನ್ನ ತಲೆ ಮುಟ್ಟಿಕೊಂಡ. “ಇಬ್ಬರದ್ದೂ ಸೇರಿಸಿದ್ರೂ ಲೆಕ್ಕ ಸರಿಹೋಗಲ್ಲ ಬಿಡು.” ಬೀಗದಕ್ಕ ನಕ್ಕಳು. ಗೊಂಚಲೂ ನಕ್ಕಿತು.

ಇನ್ನೊಂದು ಕಲಿಕೆ. ಅಣ್ಣ ರೊಟ್ಟಿ ಎತ್ತುವಾಗ ನಾನು ಹಿಂದೆ ಮಂಡಿಯೂರಿ, ಎಡಗೈಯಲ್ಲಿ ಅವನ ಮೇಲುಡುಪಿನ ಅಂಚು ಎತ್ತಿ ಹಿಡಿದು, ಬಲಗೈಯಲ್ಲಿ ಗಂಟೆ ಬಾರಿಸಬೇಕು. ಯಾಕೆ? ಹಿಂದಿನ ಕಾಲದಲ್ಲಿ ಈ ಉಡುಪು ಕಸೂತಿಯಿಂದ ಬಲು ಭಾರ. ಪಾದ್ರಿಯ ತೋಳು ಏಳಲಿ ಎಂದು ಹಿಡಿಯುತ್ತಿದ್ದರಂತೆ.

“ಇದು ಗಾಳಿಗೆ ಹಾರೋ ಹಾಗಿದೆ. ಇದಕ್ಕೇನು ಭಾರ?”

“ಭಾರ ಹೋಯ್ತು ಕಣೋ. ಹಿಡಿಯೋದು ಉಳೀತು.”

ಸೆಪ್ಟೆಂಬರ್ ೨೧, ಭಾನುವಾರ

ಮೊದಲ ಸಲ. ಗಂಟೆ ಒಮ್ಮೆ ಮೊದಲೇ ಬಾರಿಸಿದೆ. ಬಟ್ಟೆಯಿದ್ದರೂ ಮಂಡಿ ಉರಿ. ಆದರೂ — ಆ ಮೌನವನ್ನು ಮೊನ್ನೆ ಹಿಂದಿನಿಂದ ನೋಡಿದ್ದೆ. ಇಂದು ಅದರ ಬಾಯಲ್ಲೇ ಇದ್ದೆ. ಬಾವಿಯ ಕಟ್ಟೆಯ ಮೇಲೆ ಬಗ್ಗಿ ನೋಡಿದಾಗ ಮುಖಕ್ಕೆ ಬಡಿಯುವ ತಂಪಿನ ಹಾಗೆ. ಕೆಳಗೆ ನೀರಿದೆ ಎಂದು ಕಣ್ಣಿಗೆ ಕಾಣದು. ಮುಖಕ್ಕೆ ಗೊತ್ತಾಗುತ್ತದೆ.

ಇಷ್ಟೇ ಬರೆಯಲು ಸಾಧ್ಯ.

ಸೆಪ್ಟೆಂಬರ್ ೨೮, ಭಾನುವಾರ

ಧ್ವನಿ ಹೋಯಿತು. ಮೊದಲ ಪಾಠದ ನಡುವೆಯೇ. ಅಲ್ಲಿಂದ ಮುಂದೆ ಎಲ್ಲ ಪಿಸುಮಾತು. ಉತ್ತರಗಳನ್ನು ನಾನು ಉದ್ದ ಮಾಡಿದೆ, ಆತ ಉಸಿರು ಕೂಡಿಸಲಿ ಎಂದು. ಬೀಗದಕ್ಕನಿಗೆ ಅರ್ಥವಾಯಿತು, ಅವಳೂ ಹಿಂದಿನಿಂದ ಎಳೆದಳು. ಆಮೇಲೆ ಎಲ್ಲರೂ.

ಮುಗಿದ ಮೇಲೆ ಅಣ್ಣ ಕುರ್ಚಿಯಲ್ಲಿ ಕುಸಿದ. ಬೆವರು. ಕಿವಿ ಹತ್ತಿರ ತಾ ಎಂದು ಸನ್ನೆ.

“ಬಟ್ಟಲಿನ ಮೇಲೆ ಹೇಳುವಾಗ ಒಂದು ಪದ ಎರಡು ಸಲ ಹೇಳ್ದೆ. ಮೊದಲ ಸಲ ಬರೀ ಗಾಳಿ ಬಂತು, ಪದ ಆಗಲಿಲ್ಲ.”

“ಮುಂದಿನ ವಾರ?”

“ಗಾಳಿಯಾದರೂ ಇರುತ್ತೋ ಇಲ್ವೋ.” ಮೊದಲ ಸಲ ಅವನ ಕಣ್ಣಲ್ಲಿ ಭಯ ಕಂಡೆ. ಸಾವಿನದಲ್ಲ. ಅರ್ಧಕ್ಕೆ ನಿಲ್ಲಿಸಿ ತಿರುಗಿ ಕೈಮುಗಿಯಬೇಕಾದ ಆ ಗಳಿಗೆಯದು.

ಸ್ವಲ್ಪ ಹೊತ್ತಿನ ಮೇಲೆ ಹೇಳಿದ: “ಎತ್ತುವಾಗ ಮಾತ್ರ ಅಂಚು ಹಿಡಿಯೋದು ಕ್ರಮ. ಮುಂದಿನ ವಾರ ನೀನು ಮೊದಲೇ ಹಿಡಿದಿರು. ನಾನು ಬಗ್ಗಿದ ತಕ್ಷಣ. ಹಿಂದೆ ಯಾರೋ ಇದಾರೆ ಅಂತ ಗೊತ್ತಾಗ್ಲಿ.”

ಅಕ್ಟೋಬರ್ ೫, ಭಾನುವಾರ

ತಂತಿಯಿಲ್ಲ, ಸ್ಪೀಕರಿಲ್ಲ. ಪೆಟ್ಟಿಗೆ ಮನೆಯಲ್ಲೇ. ಬೆಂಚು ತುಂಬಿ, ಗೋಡೆಗುಂಟ ಜನ. ದರ್ಜಿ ಮಾಮನನ್ನು ಕುರ್ಚಿ ಸಮೇತ ಹೊತ್ತು ತಂದಿದ್ದರು. ಹೆಂಡತಿ ಬೀಗದಕ್ಕನ ಪಕ್ಕದಲ್ಲಿ.

ಆರಂಭದಿಂದಲೇ ಅಣ್ಣನ ಮಾತು ನನಗೊಬ್ಬನಿಗೆ ಮಾತ್ರ ಕೇಳಿಸುವಷ್ಟಿತ್ತು. ನನ್ನ ಉತ್ತರ ಮಾತ್ರ ಜನರಿಗೆ. ಉತ್ತರ ಕೇಳಿ ಪ್ರಶ್ನೆ ತಿಳಿದುಕೊಂಡರು ಅವರು. ಎಲ್ಲಿ ಏಳಬೇಕೋ ಎದ್ದರು, ಎಲ್ಲಿ ಕೂರಬೇಕೋ ಕೂತರು. ಶತಮಾನಗಳಿಂದ ಬಂದ ವಸ್ತುವಿಗೆ ಒಬ್ಬನ ಗಂಟಲು ಅಷ್ಟು ದೊಡ್ಡ ವಿಷಯವಲ್ಲ. ಆದರೂ ಅದು ಒಬ್ಬನ ಗಂಟಲಿನ ಮೂಲಕವೇ ಬರಬೇಕು. ಇದನ್ನು ಯೋಚಿಸಿದ್ದು ಈಗ, ಬರೆಯುತ್ತ. ಆಗ ಯೋಚನೆ ಇರಲಿಲ್ಲ.

ಗಂಟೆ. ಎಲ್ಲರೂ ಮಂಡಿಯೂರಿದ ಸದ್ದು, ಒಂದೇ ಅಲೆಯಾಗಿ ಹಿಂದಕ್ಕೆ ಹೋಗಿ ನಿಂತಿತು. ಮೌನ ಇಳಿಯಿತು. ಅಣ್ಣ ಮೊಣಕೈಗಳನ್ನು ಪೀಠಕ್ಕೂರಿ ರೊಟ್ಟಿಯ ಮೇಲೆ ಬಗ್ಗಿದ. ನಾನು ಅಂಚು ಹಿಡಿದೆ.

ಏನೂ ಕೇಳಿಸಲಿಲ್ಲ. ಇಷ್ಟು ಹತ್ತಿರವಿದ್ದರೂ ಪಿಸುಮಾತೂ ಇಲ್ಲ. ಆದರೆ ಬಟ್ಟೆಯಲ್ಲಿ ಗೊತ್ತಾಯಿತು. ಬೆನ್ನು ಹಿಗ್ಗಿತು, ಉಸಿರು ನಿಂತಿತು. ಆಮೇಲೆ ಸಣ್ಣ ನಡುಕ, ಬಿಡುವು, ಮತ್ತೊಂದು ನಡುಕ. ಒಂದೊಂದು ಪದಕ್ಕೆ ಒಂದೊಂದು. ಕಂಪನ ಅಳೆದೇ ಅನ್ನ ತಿಂದವನು ನಾನು. ಬೆರಳ ತುದಿಗೆ ಇಷ್ಟು ಕೇಳಿಸೀತು ಎಂದು ಗೊತ್ತಿರಲಿಲ್ಲ. ರೊಟ್ಟಿಯ ಮಾತು ಮುಗಿಯಿತು. ಎತ್ತಿದ. ಗಂಟೆ ಬಾರಿಸಿದೆ.

ಬಟ್ಟಲಿನ ಮಾತು ಉದ್ದ. ನಡುವೆ ಬಟ್ಟೆ ನಿಶ್ಚಲವಾಯಿತು.

ನಡುಕವಿಲ್ಲ. ಉಸಿರಿಲ್ಲ. ಅಣ್ಣನ ಬೆನ್ನು ಕಲ್ಲಾಗಿತ್ತು. ಹಿಂದೆ ಒಂದು ಕೂಸೂ ಕಿಮಕ್ ಎನ್ನಲಿಲ್ಲ. ಯಾರಿಗೂ ಏನೂ ಕೇಳಿಸಿರಲಿಲ್ಲ. ಆದರೂ ಮಾತು ನಿಂತದ್ದು ಎಲ್ಲರಿಗೂ ಗೊತ್ತಾಗಿತ್ತು — ಇದನ್ನು ನನ್ನ ಯಾವ ವಿದ್ಯೆಯೂ ವಿವರಿಸದು. ತಿರುಗುತ್ತಾನೆ, ಕೈಮುಗಿಯುತ್ತಾನೆ ಎಂದುಕೊಂಡೆ. ಭುಜ ತಿರುಗಲು ಹೊರಟಿತು, ಬಟ್ಟೆ ಎಳೆಯಿತು. ನಾನು ಅಂಚು ಬಿಡಲಿಲ್ಲ. ಎಳೆಯಲೂ ಇಲ್ಲ. ಹಿಡಿದುಕೊಂಡೇ ಇದ್ದೆ.

ಭುಜ ಮತ್ತೆ ಪೀಠದ ಕಡೆಗೆ ಮರಳಿತು. ಬೆನ್ನು ಹಿಗ್ಗಿತು — ಅಷ್ಟು ದೊಡ್ಡ ಉಸಿರು ಆ ಎದೆಯಲ್ಲಿ ಉಳಿದಿತ್ತೆಂದು ಡಾಕ್ಟರೂ ಹೇಳಲಾರಳು. ಆ ವಾಕ್ಯವನ್ನು ಮೊದಲಿನಿಂದ ಶುರುಮಾಡಿದ. ನಡುಕ, ಬಿಡುವು, ನಡುಕ. ಕೊನೆಯವರೆಗೆ. ಆಮೇಲೆ ಅಣ್ಣನ ಮಂಡಿ ನೆಲಕ್ಕೆ ಬಾಗಿತು, ಮತ್ತೆ ಎದ್ದು ಎರಡು ಕೈಯಲ್ಲೂ ಬಟ್ಟಲು ಎತ್ತಿದ.

ಗಂಟೆ ಬಾರಿಸಲು ಒಂದು ಕ್ಷಣ ತಡವಾಯಿತು. ಬೀಗದಕ್ಕ ಈ ತಪ್ಪನ್ನು ಎತ್ತಿ ಆಡಲಿಲ್ಲ.

ಅಕ್ಟೋಬರ್ ೬, ಸೋಮವಾರ

ಒಳಗೆ ಕರೆದುಕೊಂಡು ಹೋದರು. ಹೋಗುವಾಗ ಏನೋ ಹೇಳಿದ. ತಳ್ಳುಗಾಡಿಯ ಚಕ್ರದ ಸದ್ದಿನಲ್ಲಿ ನನಗೆ ಕೇಳಿಸಲಿಲ್ಲ.

ಅಕ್ಟೋಬರ್ ೯, ಗುರುವಾರ, ಬೆಳಗಿನ ಜಾವ

ವಾರ್ಡಿನ ಕಿಟಕಿಯಲ್ಲಿ ಬೆಳಕು ಬರುತ್ತಿದೆ. ನಿನ್ನೆ ನರ್ಸ್ ಸ್ಲೇಟು ಕೊಟ್ಟಳು. ಅಣ್ಣ ಬರೆದ ಮೊದಲ ವಾಕ್ಯ: “ಇಂಜಿನಿಯರ್, ಈಗ ಗೇನ್ ಎಷ್ಟು ಏರಿಸ್ತೀಯಾ?” ಹೆಂಡತಿ ನಕ್ಕು ನಕ್ಕು ಹೊರಗೆ ಹೋದಳು. ಬರುವಾಗ ಮುಖ ತೊಳೆದಿದ್ದಳು.

ಈಗ ಎಚ್ಚರವಾಗಿದ್ದಾನೆ. ಕುತ್ತಿಗೆಯ ಕೊಳವೆಯಲ್ಲಿ ಉಸಿರು ಬಂದು ಹೋಗುತ್ತಿದೆ. ಬಾಯಿಗೂ ಅದಕ್ಕೂ ಸಂಬಂಧವಿಲ್ಲ. ಕೈ ಎತ್ತಿ ಹಣೆ, ಎದೆ, ಎರಡು ಭುಜ ಮುಟ್ಟಿಕೊಂಡ. ತುಟಿ ಅಲುಗಿತು. ನೀರು ಬೇಕೇನೋ ಎಂದು ಎದ್ದೆ. ಅಲ್ಲ. ಆ ತುಟಿಯ ಆಕಾರ ನನಗೆ ಗೊತ್ತು: ಪೀಠದ ಬಳಿಗೆ ಹೋಗುವೆನು.

ಇದು ಪೂಜೆಯಲ್ಲ. ರೊಟ್ಟಿಯಿಲ್ಲ, ಬಟ್ಟಲಿಲ್ಲ, ಉಸಿರೂ ಇಲ್ಲ. ಅವನಿಗೆ ನನಗಿಂತ ಚೆನ್ನಾಗಿ ಗೊತ್ತು. ಬರಿಯ ಪ್ರಾರ್ಥನೆ. ಆದರೂ ಅಲ್ಲಿಗೆ ನಿಲ್ಲಿಸಿ ನನ್ನ ಕಡೆ ನೋಡಿದ. ಕಾದ. ರೆಕಾರ್ಡಿಂಗಿನಲ್ಲಿದ್ದ ಅದೇ ಬಿಡುವು, ಅದೇ ಅಳತೆ.

ಯೌವನವನ್ನು ನಲಿಸುವ ದೇವರ ಬಳಿಗೆ ಎಂದೆ, ಲ್ಯಾಟಿನ್‌ನಲ್ಲಿ. ಪದ ತಪ್ಪಲಿಲ್ಲ. ಪಕ್ಕದ ಹಾಸಿಗೆಯವರು ಮಗ್ಗುಲು ಬದಲಿಸಿ, “ಯಾರ ಜೊತೆ ಮಾತಾಡ್ತಿದೀರಿ ಸಾರ್?” ಎಂದರು.

ಅಣ್ಣನ ಕಣ್ಣು ನಗುತ್ತಿದೆ. ತುಟಿ ಮತ್ತೆ ಅಲುಗುತ್ತಿದೆ, ಎರಡನೆಯ ಸಾಲು. ಈಗ ನಿಲ್ಲಿಸಿದ. ಪೆನ್ನು ಕೆಳಗಿಡಬೇಕು. ಉತ್ತರ ನನ್ನದು.